ಕಣಿವೆಯ ಊರಿನಲ್ಲಿ ಬಾಡಿಗೆ ಸೈಕಲ್: ದೂರವನ್ನಲ್ಲ, ಏರನ್ನು ಅಳೆಯಿರಿ

ಪ್ರಶ್ನೆ: ನಾನು, ನನ್ನ ಪತ್ನಿ ಮತ್ತು 13 ವರ್ಷದ ಮಗಳು ಬೆಟ್ಟಗಳ ನಡುವಿನ ಕಣಿವೆಯೊಂದರ ಸಣ್ಣ ಊರಿನಲ್ಲಿ ಮೂರು ದಿನ ಉಳಿಯಲಿದ್ದೇವೆ. ಅಲ್ಲಿ ಸೈಕಲ್ ಬಾಡಿಗೆಗೆ ಸಿಗುತ್ತದೆ. ಸಮತಟ್ಟಾದ ರಸ್ತೆಯಲ್ಲಿ ದಿನಕ್ಕೆ 30ರಿಂದ 40 ಕಿ.ಮೀ. ತುಳಿದು ಮೂವರಿಗೂ ಅಭ್ಯಾಸವಿದೆ, ಆದರೆ ಬೆಟ್ಟದ ರಸ್ತೆಯ ಅನುಭವವಿಲ್ಲ. ಯಾವ ಬಗೆಯ ಸೈಕಲ್ ಕೇಳಬೇಕು? ಎಲೆಕ್ಟ್ರಿಕ್ ಸೈಕಲ್ ತೆಗೆದುಕೊಳ್ಳುವುದು ಒಳ್ಳೆಯದೇ? ದಿನಕ್ಕೆ ಎಷ್ಟು ದೂರ ಇಟ್ಟುಕೊಳ್ಳಬಹುದು? ಅಂಗಡಿಯಲ್ಲಿ ಏನೇನು ನೋಡಿಕೊಳ್ಳಬೇಕು?

ಉತ್ತರ: ನಿಮ್ಮ ನಾಲ್ಕು ಪ್ರಶ್ನೆಗಳಲ್ಲಿ ಮೂರನೆಯದನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಉಳಿದವುಗಳ ಉತ್ತರ ಅದರ ಮೇಲೆಯೇ ನಿಂತಿದೆ. ಸಮತಟ್ಟಾದ ನೆಲದಲ್ಲಿ ದಿನದ ಶ್ರಮವನ್ನು ಕಿಲೋಮೀಟರುಗಳಲ್ಲಿ ಎಣಿಸುವುದು ಸರಿಯಾದ ಕ್ರಮ. ಬೆಟ್ಟದ ಸೀಮೆಯಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಇಡೀ ದಿನದಲ್ಲಿ ಒಟ್ಟು ಎಷ್ಟು ಮೀಟರ್ ಎತ್ತರವನ್ನು ಏರಿದಿರಿ ಎಂಬುದೇ ಶ್ರಮದ ಅಳತೆ. 70 ಕಿಲೋ ತೂಕದ ಸವಾರ, 15 ಕಿಲೋ ಸೈಕಲ್, ನೀರು ಮತ್ತು ಚೀಲ ಸೇರಿ 5 ಕಿಲೋ ಎಂದಿಟ್ಟುಕೊಂಡರೆ, ಈ 90 ಕಿಲೋ ಭಾರವನ್ನು 100 ಮೀಟರ್ ಮೇಲಕ್ಕೆ ಒಯ್ಯಲು ಸುಮಾರು 88 ಕಿಲೋಜೂಲ್ ಶಕ್ತಿ ಬೇಕು. ವಿಶೇಷ ತರಬೇತಿಯಿಲ್ಲದ, ಆರೋಗ್ಯವಂತರಾದ ವಯಸ್ಕರು ದೀರ್ಘಕಾಲ ಎಡೆಬಿಡದೆ ಪೆಡಲಿಗೆ ಕೊಡಬಲ್ಲ ಶಕ್ತಿ ಸುಮಾರು 100 ವ್ಯಾಟ್. ಅದಷ್ಟೂ ಏರುವುದಕ್ಕೇ ಹೋದರೂ 100 ಮೀಟರ್ ಎತ್ತರಕ್ಕೆ ಕಾಲು ಗಂಟೆ ಹಿಡಿಯುತ್ತದೆ. ಟೈರಿನ ಉರುಳು ತಡೆ, ಗಾಳಿ, ನಡುನಡುವೆ ನಿಂತು ಸುಧಾರಿಸಿಕೊಳ್ಳುವುದು ಇವನ್ನೆಲ್ಲ ಸೇರಿಸಿದರೆ ಗಂಟೆಗೆ 250ರಿಂದ 300 ಮೀಟರ್ ಏರು ಎಂಬ ಅಂದಾಜು ನಿಮ್ಮಂಥ ಕುಟುಂಬಕ್ಕೆ ಸರಿಹೊಂದುತ್ತದೆ.

ಆದ್ದರಿಂದ ಮೊದಲ ದಿನ ಒಟ್ಟು 300 ಮೀಟರ್ ಏರನ್ನು ಮೀರಬೇಡಿ. ಮೂವರೂ ಲವಲವಿಕೆಯಿಂದ ಇದ್ದರೆ ಮುಂದಿನ ದಿನಗಳಲ್ಲಿ 500ರಿಂದ 600 ಮೀಟರ್‌ವರೆಗೆ ಹೋಗಬಹುದು. ಅಷ್ಟು ಏರು 15 ಕಿ.ಮೀ. ಒಳಗೆ ಮುಗಿಯುತ್ತದೆಯೋ 40 ಕಿ.ಮೀ. ಉದ್ದಕ್ಕೆ ಹರಡುತ್ತದೆಯೋ ಎಂಬುದನ್ನು ಕಣಿವೆಯೇ ನಿರ್ಧರಿಸುತ್ತದೆ. ಇಲ್ಲಿ ಎಚ್ಚರ ತಪ್ಪುವ ಜಾಗವೊಂದಿದೆ. ಹೊರಟ ಊರಿಗೂ ತಲುಪುವ ಊರಿಗೂ ನಡುವಿನ ಎತ್ತರದ ವ್ಯತ್ಯಾಸವೇ ಒಟ್ಟು ಏರು ಎಂದು ಭಾವಿಸಬಾರದು. ಎರಡೂ ಊರುಗಳು ಒಂದೇ ಎತ್ತರದಲ್ಲಿದ್ದು, ನಡುವಿನ ರಸ್ತೆ ಹತ್ತು ತೊರೆಗಳಿಗೆ ಇಳಿದು ಹತ್ತು ಸಲ 30 ಮೀಟರ್ ಏರಿದರೆ ನಿಮ್ಮ ಕಾಲುಗಳು ಏರಿದ್ದು 300 ಮೀಟರ್. ದಾರಿ ಹಾಕಿಕೊಡುವ ಸೈಕಲ್ ಆ್ಯಪ್‌ಗಳು ಈ ಒಟ್ಟು ಏರನ್ನು ಬೇರೆಯಾಗಿ ತೋರಿಸುತ್ತವೆ, ಜೊತೆಗೆ ದಾರಿಯ ಏರಿಳಿತದ ನಕ್ಷೆಯನ್ನೂ ಕೊಡುತ್ತವೆ. ಸಮೋನ್ನತಿ ರೇಖೆಗಳಿರುವ, ಎಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳಿರುವ ನಕ್ಷೆ ಸಿಕ್ಕರೆ, ರಸ್ತೆ ಒಂದು ಕಿಲೋಮೀಟರಿನಲ್ಲಿ ಎಷ್ಟು ರೇಖೆಗಳನ್ನು ದಾಟುತ್ತದೆ ಎಂದು ಎಣಿಸಿ. ಒಂದು ರೇಖೆಗೂ ಮುಂದಿನದಕ್ಕೂ ಎತ್ತರದ ಅಂತರ 20 ಮೀಟರ್ ಆಗಿದ್ದು ನಾಲ್ಕು ರೇಖೆ ದಾಟಿದರೆ ಆ ಏರು ಶೇ. 8. ಬೆಟ್ಟದ ಅಭ್ಯಾಸವಿಲ್ಲದವರಿಗೆ ಶೇ. 4ರವರೆಗಿನ ಏರು ಹಿತವಾಗಿಯೇ ಇರುತ್ತದೆ, ಶೇ. 6ರಿಂದ 8 ಬೆವರಿಳಿಸುತ್ತದೆ, ಶೇ. 10ನ್ನು ದಾಟಿದರೆ ಬಹುತೇಕರು ಇಳಿದು ತಳ್ಳಿಕೊಂಡು ಹೋಗುತ್ತಾರೆ. ತಳ್ಳುವುದರಲ್ಲಿ ತಪ್ಪೇನೂ ಇಲ್ಲ, ಅದಕ್ಕೆ ಬೇಕಾದ ಸಮಯವನ್ನು ಮೊದಲೇ ತೆಗೆದಿಟ್ಟಿರಬೇಕು ಅಷ್ಟೆ.

ಈಗ ಕಣಿವೆಯ ಆಕಾರದ ಮಾತು. ಬಾಡಿಗೆ ಸೈಕಲ್ ಆರಿಸುವವರು ಸಾಮಾನ್ಯವಾಗಿ ಇದನ್ನು ಗಮನಿಸುವುದೇ ಇಲ್ಲ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಇದೇ. ಹಿಂದೊಮ್ಮೆ ಹಿಮನದಿ ಕೊರೆದ ಕಣಿವೆಯ ಅಡ್ಡಛೇದ ಇಂಗ್ಲಿಷಿನ ಯು ಅಕ್ಷರದಂತಿರುತ್ತದೆ: ಅಗಲವಾದ, ಹೆಚ್ಚುಕಡಿಮೆ ಸಮತಟ್ಟಾದ ತಳ, ಎರಡೂ ಬದಿಗೆ ಗೋಡೆಯಂತೆ ನಿಂತ ಬೆಟ್ಟ. ಇಂಥ ಕಡೆ ಹೊಳೆಯ ಪಕ್ಕದ ದಾರಿಯಲ್ಲಿ 30 ಕಿ.ಮೀ. ಹೋಗಿ ಬಂದರೂ 200 ಮೀಟರ್ ಏರಿರುವುದಿಲ್ಲ. ಆದರೆ ಮುಖ್ಯ ಕಣಿವೆಯನ್ನು ದೊಡ್ಡ ಹಿಮನದಿ ಆಳವಾಗಿ ಕೊರೆದಿದ್ದು, ಪಕ್ಕದಿಂದ ಬಂದು ಸೇರುವ ಕಣಿವೆಗಳನ್ನು ಚಿಕ್ಕ ಹಿಮನದಿಗಳು ಅಷ್ಟು ಆಳಕ್ಕೆ ಕೊರೆಯದೆ ಬಿಟ್ಟಿರುವುದರಿಂದ, ಆ ಪಕ್ಕದ ಕಣಿವೆಗಳ ಬಾಯಿ ಮುಖ್ಯ ತಳಕ್ಕಿಂತ ಬಹಳ ಮೇಲೆ ತೂಗಿಕೊಂಡಿರುತ್ತದೆ. ಅಲ್ಲಿಂದ ಜಲಪಾತ ಧುಮುಕುವುದೂ ಅದಕ್ಕೇ, ಅಲ್ಲಿಗೆ ಹೋಗುವ ರಸ್ತೆ ಮೊದಲ ಎರಡು ಮೂರು ಕಿಲೋಮೀಟರಿನಲ್ಲೇ ಹಿಮ್ಮುರಿ ತಿರುವುಗಳಲ್ಲಿ ಕಡಿದಾಗಿ ಏರುವುದೂ ಅದಕ್ಕೇ. ನಕ್ಷೆಯಲ್ಲಿ ‘ಐದೇ ಕಿಲೋಮೀಟರ್’ ಎಂದು ಕಾಣುವ ಜಲಪಾತ ಅರ್ಧ ದಿನವನ್ನು ನುಂಗುವುದು ಇಂಥ ಜಾಗದಲ್ಲಿ.

ನದಿಯೇ ಕೊರೆದ ಕಣಿವೆ ವಿ ಅಕ್ಷರದ ಆಕಾರದ್ದು. ಅಲ್ಲಿ ತಳದಲ್ಲಿ ರಸ್ತೆಗೆ ಜಾಗವಿರುವುದಿಲ್ಲ. ರಸ್ತೆ ಬೆಟ್ಟದ ಮೈಗೆ ಅಂಟಿಕೊಂಡು, ಪ್ರತಿ ತೊರೆಯ ಮಡಿಕೆಗೆ ಒಳಸರಿದು ಇಳಿದು, ಪ್ರತಿ ದಿಣ್ಣೆಗೆ ಹೊರಬಂದು ಏರುತ್ತದೆ. ಒಂದೊಂದು ಏರೂ ಚಿಕ್ಕದೇ ಆದರೂ ಅವೆಲ್ಲ ಕೂಡಿಕೊಳ್ಳುತ್ತವೆ. ಊರು ಎಲ್ಲಿ ಕೂತಿದೆ ಎಂಬುದನ್ನೂ ನೋಡಿ. ಪ್ರವಾಹದ ಭಯದಿಂದ ಅನೇಕ ಕಣಿವೆಯ ಊರುಗಳು ನದಿಯ ದಡ ಬಿಟ್ಟು, ಪಕ್ಕದ ತೊರೆಯೊಂದು ಕಲ್ಲುಮಣ್ಣನ್ನು ತಂದು ಬೀಸಣಿಗೆಯಂತೆ ಹರಡಿದ ಇಳಿಜಾರಿನ ಮೇಲೆ ಬೆಳೆದಿವೆ. ಅಂಥ ಊರಿನಲ್ಲಿ ಬೆಳಿಗ್ಗೆ ಹೊಳೆಯ ಕಡೆಗೆ ಸಲೀಸಾಗಿ ಉರುಳಿಕೊಂಡು ಹೋದವರಿಗೆ ಸಂಜೆ ದಣಿದು ಬಂದಾಗ ಕೊನೆಯ ಒಂದೂವರೆ ಕಿಲೋಮೀಟರ್ ಏರು ಉಳಿದಿರುತ್ತದೆ. ಉಳಿದುಕೊಳ್ಳುವ ಜಾಗ ಹೊಳೆಯಿಂದ ಎಷ್ಟು ಮೀಟರ್ ಮೇಲಿದೆ ಎಂದು ನೋಡಿಕೊಂಡು ಅದನ್ನು ದಿನದ ಲೆಕ್ಕಕ್ಕೆ ಸೇರಿಸಿ.

ಸೈಕಲ್ ಆಯ್ಕೆಯಲ್ಲಿ ಕಣ್ಣಿಗೆ ಹೊಡೆಯುವ ಸಂಗತಿಗಳಿಗಿಂತ ಮುಖ್ಯವಾದದ್ದು ಅತಿ ಹಗುರವಾದ ಗೇರ್ ಯಾವುದು ಎಂಬುದು. ಮುಂದಿನ, ಎಂದರೆ ಪೆಡಲಿನ ಬಳಿಯ ಹಲ್ಲುಚಕ್ರಕ್ಕೆ 32 ಹಲ್ಲು, ಹಿಂದಿನ ಅತಿ ದೊಡ್ಡ ಹಲ್ಲುಚಕ್ರಕ್ಕೆ 51 ಹಲ್ಲು ಇರುವ ಈಗಿನ ಮೌಂಟನ್ ಬೈಕ್ ಅನ್ನು ತೆಗೆದುಕೊಳ್ಳಿ. ಆ ಗೇರಿನಲ್ಲಿ ಪೆಡಲನ್ನು ಒಂದು ಸುತ್ತು ತಿರುಗಿಸಿದರೆ ಸೈಕಲ್ ಹೆಚ್ಚುಕಡಿಮೆ 1.4 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ವೇಗ ಗಂಟೆಗೆ 5 ಕಿಲೋಮೀಟರಿಗಿಂತ ತುಸು ಹೆಚ್ಚು. ಶೇ. 8ರ ಏರಿನಲ್ಲಿ ಮೇಲೆ ಹೇಳಿದ 90 ಕಿಲೋ ಭಾರವನ್ನು ಆ ವೇಗದಲ್ಲಿ ಒಯ್ಯಲು ಬೇಕಾಗುವುದು ಸುಮಾರು 100 ವ್ಯಾಟ್, ಎಂದರೆ ನಿಮ್ಮ ಕೈಗೆಟುಕುವ ಶಕ್ತಿ. ಅದೇ ಏರಿಗೆ ಗೇರಿಲ್ಲದ, ಮುಂದೆ 46 ಹಿಂದೆ 18 ಹಲ್ಲಿನ ಊರೊಳಗಿನ ಸೈಕಲ್ ತಂದರೆ, ಅದೇ 60 ಸುತ್ತಿಗೆ 380 ವ್ಯಾಟ್ ಬೇಕಾಗುತ್ತದೆ. ಅದು ಪಳಗಿದ ಕ್ರೀಡಾಪಟುಗಳಿಗೆ ಸಲ್ಲುವ ಮಾತು. ಸುತ್ತು ಕಡಿಮೆ ಮಾಡಿದರೆ ಮಂಡಿಯ ಮೇಲೆ ಭಾರ ಬೀಳುತ್ತದೆ. ಆದ್ದರಿಂದ ಅಂಗಡಿಯಲ್ಲಿ ‘21 ಗೇರ್, 24 ಗೇರ್’ ಎಂಬ ಎಣಿಕೆಗೆ ಬೆಲೆ ಕೊಡಬೇಡಿ. ಮುಂದಿನ ಅತಿ ಚಿಕ್ಕ ಹಲ್ಲುಚಕ್ರದ ಹಲ್ಲು ಹಿಂದಿನ ಅತಿ ದೊಡ್ಡ ಹಲ್ಲುಚಕ್ರದ ಹಲ್ಲಿಗಿಂತ ಕಡಿಮೆಯಿದೆಯೇ, ಕೊನೆಯ ಪಕ್ಷ ಸಮವಿದೆಯೇ ಎಂದು ನೋಡಿ. ಇಲ್ಲದಿದ್ದರೆ ಆ ಸೈಕಲ್ ಕಣಿವೆಯ ತಳಕ್ಕೆ ಮಾತ್ರ ಯೋಗ್ಯ.

ಟೈರಿನ ಅಗಲ 40ರಿಂದ 55 ಮಿಲಿಮೀಟರ್ ಇದ್ದರೆ ಡಾಂಬರು, ಜಲ್ಲಿ, ಕಚ್ಚಾ ರಸ್ತೆ ಮೂರಕ್ಕೂ ಸಾಕು. ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿಗೆ ಸಸ್ಪೆನ್ಷನ್, ಎಂದರೆ ಕುಲುಕು ತಗ್ಗಿಸುವ ವ್ಯವಸ್ಥೆ ಇದ್ದರೆ ಒಳ್ಳೆಯದು, ಏರುವಾಗ ಅದನ್ನು ಬಿಗಿ ಮಾಡುವ ಗುಂಡಿ ಎಲ್ಲಿದೆ ಎಂದು ಕೇಳಿಟ್ಟುಕೊಳ್ಳಿ. ಹಿಂದಕ್ಕೂ ಸಸ್ಪೆನ್ಷನ್ ಇರುವ ಸೈಕಲ್ ನಿಮಗೆ ಬೇಡ. ಕಾಡಿನ ಕಡಿದಾದ ಕಾಲುದಾರಿಗಳಲ್ಲಿ ಇಳಿಯುವವರಿಗೆ ಅದು, ಉಳಿದವರಿಗೆ ಬರಿಯ ತೂಕ.

ಎಲೆಕ್ಟ್ರಿಕ್ ಸೈಕಲ್ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಮೂವರ ಶಕ್ತಿಯಲ್ಲಿ ಹೆಚ್ಚುಕಡಿಮೆ ಇದ್ದಾಗ, ಹಿಂದೆ ಬೀಳುವವರಿಗೆ ಅದನ್ನು ಕೊಡಿಸುವುದು ಇಡೀ ಕುಟುಂಬಕ್ಕೆ ಸುಖ. ಅದು ಸೋಲನ್ನು ಒಪ್ಪಿಕೊಂಡಂತೆ ಅಲ್ಲವೇ ಅಲ್ಲ. ಪೆಡಲ್ ತುಳಿದಾಗ ಮಾತ್ರ ನೆರವಾಗುವ ಸೈಕಲ್‌ಗಳಲ್ಲಿ ಸವಾರರೂ ದುಡಿಯಲೇಬೇಕು. ಯುರೋಪಿನ ಒಕ್ಕೂಟದ ನಿಯಮದಲ್ಲಿ ಅಂಥ ಸೈಕಲ್ಲಿನ ಮೋಟಾರು 250 ವ್ಯಾಟ್ ದರ್ಜೆಯನ್ನು ಮೀರಬಾರದು, ಗಂಟೆಗೆ 25 ಕಿಲೋಮೀಟರ್ ವೇಗ ಮುಟ್ಟಿದೊಡನೆ ನೆರವು ನಿಲ್ಲಬೇಕು. ಆದರೆ ‘ಒಂದು ಚಾರ್ಜಿಗೆ 80 ಕಿಲೋಮೀಟರ್’ ಎಂಬ ಭರವಸೆಯನ್ನು ಬೆಟ್ಟದಲ್ಲಿ ನಂಬಬೇಡಿ. ಸವಾರರು ಮತ್ತು ಸೈಕಲ್ ಸೇರಿ 100 ಕಿಲೋ ಆದರೆ, 500 ಮೀಟರ್ ಏರಿಗೆ ಬೇಕಾದ ಶಕ್ತಿ ಸುಮಾರು 136 ವ್ಯಾಟ್-ಗಂಟೆ. ಅದರಲ್ಲಿ ಅರ್ಧವನ್ನು ಮೋಟಾರು ಹೊತ್ತರೂ, ಅದರೊಳಗಿನ ನಷ್ಟ ಸೇರಿ ಬ್ಯಾಟರಿಯಿಂದ 90 ವ್ಯಾಟ್-ಗಂಟೆಯಷ್ಟು ಖರ್ಚಾಗುತ್ತದೆ. ನೆರವನ್ನು ಗರಿಷ್ಠಕ್ಕೆ ಇಟ್ಟರೆ ಇದು ಬಹಳ ಬೇಗ ದುಪ್ಪಟ್ಟಾಗುತ್ತದೆ. ಬ್ಯಾಟರಿಯ ಮೇಲೆ ವ್ಯಾಟ್-ಗಂಟೆಯ ಅಂಕಿ ಬರೆದಿರುತ್ತದೆ. 400ರಿಂದ 625ರ ನಡುವಿನವು ಸಾಮಾನ್ಯ. ಹಳೆಯ ಬ್ಯಾಟರಿ ಬರೆದಷ್ಟು ಕೊಡುವುದಿಲ್ಲ, ಚಳಿಯಲ್ಲಿ ಇನ್ನೂ ಕಡಿಮೆ ಕೊಡುತ್ತದೆ. ಮೂರನೆಯ ಒಂದು ಪಾಲು ಉಳಿದಾಗ ಏರುವುದನ್ನು ನಿಲ್ಲಿಸಿ ತಿರುಗಿ. ಚಾರ್ಜ್ ಮುಗಿದ 24 ಕಿಲೋ ಸೈಕಲ್ಲನ್ನು ಏರಿನಲ್ಲಿ ತಳ್ಳುವುದು ನಿಜಕ್ಕೂ ಕಷ್ಟ, ಇಳಿಜಾರಿನಲ್ಲಿ ಆ ಹೆಚ್ಚಿನ ತೂಕವನ್ನು ಬ್ರೇಕುಗಳೇ ತಡೆಯಬೇಕು. ಹಲವು ಕಡೆ ಎಲೆಕ್ಟ್ರಿಕ್ ಸೈಕಲ್ಲಿಗೆ ಕನಿಷ್ಠ ವಯಸ್ಸಿನ ನಿಯಮವಿರುವುದರಿಂದ ನಿಮ್ಮ ಮಗಳಿಗೆ ಅದು ಸಿಗದೆ ಹೋಗಬಹುದು, ಕಾಯ್ದಿರಿಸುವಾಗಲೇ ವಿಚಾರಿಸಿ. ಸಿಗದಿದ್ದರೆ ದೊಡ್ಡವರಿಬ್ಬರೂ ಎಲೆಕ್ಟ್ರಿಕ್ ಸೈಕಲ್ ಏರಿ ಮಗುವನ್ನು ಹಿಂದೆ ಬಿಡುವ ಯೋಜನೆ ಮಾಡಬೇಡಿ.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆಗೆ ಕಾಲು ಗಂಟೆ ಇಟ್ಟುಕೊಳ್ಳಿ, ಅದರಲ್ಲಿ ಹೆಚ್ಚಿನ ಪಾಲನ್ನು ಬ್ರೇಕಿಗೆ ಕೊಡಿ. ಏಕೆಂಬುದನ್ನು ಒಂದು ಲೆಕ್ಕದಿಂದಲೇ ಹೇಳುತ್ತೇನೆ. 90 ಕಿಲೋ ಭಾರ 500 ಮೀಟರ್ ಕೆಳಗಿಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು 440 ಕಿಲೋಜೂಲ್. 20 ಡಿಗ್ರಿಯಲ್ಲಿರುವ ಒಂದು ಲೀಟರಿಗಿಂತ ಹೆಚ್ಚು ನೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಸಾಕು. ನಿಧಾನವಾಗಿ ಇಳಿಯುವವರಲ್ಲಿ ಗಾಳಿಯ ಪಾಲಿಗೆ ಹೋಗುವುದು ಕಡಿಮೆ, ಬಹುಪಾಲು ಶಾಖವಾಗಿ ಬ್ರೇಕಿಗೇ ಸೇರುತ್ತದೆ. ಸಮತಟ್ಟಾದ ರಸ್ತೆಯಲ್ಲಿ ವರ್ಷಗಟ್ಟಲೆ ತೊಂದರೆ ಕೊಡದ ಬ್ರೇಕು ಒಂದೇ ಇಳಿಜಾರಿನಲ್ಲಿ ಸೋಲುವುದು ಈ ಕಾರಣಕ್ಕೆ.

ಮೊದಲು ಸೈಕಲ್ ಮೇಲೆ ಕೂರದೆ, ಪಕ್ಕದಲ್ಲಿ ನಿಂತು ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿದು ಸೈಕಲ್ಲನ್ನು ಮುಂದಕ್ಕೆ ತಳ್ಳಿ: ಮುಂದಿನ ಚಕ್ರ ಕದಲದೆ ಹಿಂದಿನ ಚಕ್ರ ಮೇಲೇಳಬೇಕು. ಹಿಂದಿನ ಬ್ರೇಕ್ ಹಿಡಿದು ತಳ್ಳಿದರೆ ಹಿಂದಿನ ಚಕ್ರ ತಿರುಗದೆ ಜಾರಬೇಕು. ಎಷ್ಟೇ ಗಟ್ಟಿಯಾಗಿ ಹಿಡಿದರೂ ಬ್ರೇಕಿನ ಹಿಡಿ ಹ್ಯಾಂಡಲಿಗೆ ತಾಗಬಾರದು, ತಾಗಿದರೆ ಆ ಸೈಕಲ್ ಬೇಡ. ಚಕ್ರದ ನಡುವಿನ ಲೋಹದ ತಟ್ಟೆಯನ್ನು ಹಿಡಿಯುವ ಡಿಸ್ಕ್ ಬ್ರೇಕಿನ ಹಿಡಿ ಮೊದಲ ಸಲ ಸ್ಪಂಜಿನಂತೆ ಮೆತ್ತಗಿದ್ದು, ನಾಲ್ಕೈದು ಸಲ ಒತ್ತಿದ ಮೇಲೆ ಗಟ್ಟಿಯಾಗುತ್ತಿದ್ದರೆ ಎಣ್ಣೆಯ ಕೊಳವೆಯಲ್ಲಿ ಗಾಳಿ ಸೇರಿರಬಹುದು, ಅದನ್ನೂ ತಿರಸ್ಕರಿಸಿ. ಪ್ಯಾಡಿನ ಉಜ್ಜುವ ಪದರ 1 ಮಿಲಿಮೀಟರಿಗಿಂತ ತೆಳುವಾಗಿದ್ದರೆ ಹೊಸದನ್ನು ಹಾಕಿಸಿಕೊಳ್ಳಿ. ಚಕ್ರದ ಲೋಹದ ಅಂಚನ್ನು ಹಿಡಿಯುವ ರಿಮ್ ಬ್ರೇಕ್ ಆದರೆ ರಬ್ಬರಿನ ಮೇಲಿನ ಗೀರುಗಳು ಇನ್ನೂ ಉಳಿದಿವೆಯೇ, ರಬ್ಬರು ರಿಮ್ಮಿಗೆ ಮಾತ್ರ ತಾಗಿ ಟೈರಿಗೆ ತಾಗದೆ ಇದೆಯೇ, ಕೇಬಲ್ಲಿನ ತುದಿಯಲ್ಲಿ ಎಳೆಗಳು ಬಿಚ್ಚಿಕೊಂಡಿಲ್ಲವೇ ಎಂದು ನೋಡಿ. ಡಿಸ್ಕ್ ಮತ್ತು ರಿಮ್ ಎರಡೂ ಸಿಗುವುದಾದರೆ ಡಿಸ್ಕ್ ಆರಿಸಿಕೊಳ್ಳಿ. ದೀರ್ಘ ಇಳಿಜಾರಿನಲ್ಲಿ ರಿಮ್ ಕಾದರೆ ಒಳಗಿನ ಗಾಳಿ ಹಿಗ್ಗಿ ಟ್ಯೂಬು ಸಿಡಿಯುವ ಅಪಾಯವಿದೆ, ಮಳೆಯಲ್ಲಿ ಅದರ ಹಿಡಿತವೂ ಕಡಿಮೆ.

ಎಡಗೈಯ ಹಿಡಿ ಯಾವ ಚಕ್ರಕ್ಕೆ, ಬಲಗೈಯದು ಯಾವುದಕ್ಕೆ ಎಂಬುದನ್ನೂ ಹೊರಡುವ ಮೊದಲೇ ಖಚಿತಪಡಿಸಿಕೊಳ್ಳಿ. ಭಾರತ ಮತ್ತು ಬ್ರಿಟನ್‌ಗಳಲ್ಲಿ ಸಾಮಾನ್ಯವಾಗಿ ಬಲಗೈಯದು ಮುಂದಿನ ಬ್ರೇಕು. ಅಮೆರಿಕದಲ್ಲಿ, ಯುರೋಪ್ ಖಂಡದ ಬಹುತೇಕ ದೇಶಗಳಲ್ಲಿ ಎಡಗೈಯದು ಮುಂದಿನದು. ಅಭ್ಯಾಸದ ಕೈ ಗಾಬರಿಯಲ್ಲಿ ತಪ್ಪು ಬ್ರೇಕನ್ನು ಜಗ್ಗಿದರೆ ಸವಾರರು ಹ್ಯಾಂಡಲಿನ ಮೇಲಿಂದ ಮುಂದಕ್ಕೆ ಬೀಳಬಹುದು. ಹೆಚ್ಚಿನ ಅಂಗಡಿಗಳಲ್ಲಿ ಕೇಳಿದರೆ ಅದಲುಬದಲು ಮಾಡಿಕೊಡುತ್ತಾರೆ. ಆಗದಿದ್ದರೆ ಖಾಲಿ ಜಾಗದಲ್ಲಿ ಕೈಗೆ ಹೊಸ ಅಭ್ಯಾಸ ಕೂರುವವರೆಗೆ ಓಡಿಸಿ ನೋಡಿ.

ಬ್ರೇಕಿನ ನಂತರ ನಾನು ನೋಡುವುದು ಹಿಂದಿನ ಡಿರೇಲರ್, ಎಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ. ಬಾಡಿಗೆ ಸೈಕಲ್‌ಗಳು ಬಲಕ್ಕೆ ಬಿದ್ದು ಬಿದ್ದು ಇದು ಒಳಕ್ಕೆ ಬಾಗಿರುವುದು ಸಾಮಾನ್ಯ. ಹಗುರ ಗೇರಿಗೆ ಹಾಕಿದಾಗ ಅದು ಸ್ಪೋಕುಗಳಿಗೆ ಸಿಕ್ಕಿಕೊಂಡರೆ ಚಕ್ರ ಹಠಾತ್ತನೆ ನಿಲ್ಲುತ್ತದೆ, ಸೈಕಲ್ಲೂ ಕೆಡುತ್ತದೆ, ಅದೂ ಕಡಿದಾದ ಏರಿನ ನಡುವೆ. ಅಂಗಡಿಯವರಿಂದ ಹಿಂದಿನ ಚಕ್ರವನ್ನು ಎತ್ತಿಸಿ, ಚೈನನ್ನು ಅತಿ ದೊಡ್ಡ ಹಲ್ಲುಚಕ್ರಕ್ಕೆ ಹಾಕಿಸಿ, ಹಿಂದಿನಿಂದ ನೋಡಿ: ಸ್ಪೋಕಿಗೂ ಅದಕ್ಕೂ ನಡುವೆ ಎದ್ದು ಕಾಣುವ ಅಂತರವಿರಬೇಕು. ಎಲ್ಲ ಗೇರುಗಳೂ ಸದ್ದಿಲ್ಲದೆ ಬದಲಾಗಬೇಕು. ಚಕ್ರದ ಬಿಗಿ, ಟೈರಿನ ಬದಿಯ ಬಿರುಕು, ಗಾಳಿಯ ಒತ್ತಡ ಇವಿಷ್ಟನ್ನು ಕೈಯಿಂದ ಮುಟ್ಟಿ ನೋಡಿದರೆ ಪರೀಕ್ಷೆ ಮುಗಿಯಿತು.

ಅಳತೆಯ ವಿಷಯದಲ್ಲಿ ಮಗಳ ಬಗ್ಗೆ ಹೆಚ್ಚು ಗಮನ ಕೊಡಿ. ‘ಬೆಳೆಯುವ ಮಗು, ಸ್ವಲ್ಪ ದೊಡ್ಡದಿರಲಿ’ ಎಂಬ ಮಾತು ಬಾಡಿಗೆಗೆ ಹೊಂದುವುದಿಲ್ಲ. ಸೈಕಲ್ಲಿನ ನಡುವಿನ ಕೊಳವೆಯ ಮೇಲೆ ಕಾಲು ಇಳಿಬಿಟ್ಟು ನಿಂತಾಗ ಎರಡೂ ಪಾದಗಳು ನೆಲಕ್ಕೆ ಪೂರ್ತಿ ಊರಿರಬೇಕು, ಕೊಳವೆಗೂ ದೇಹಕ್ಕೂ ನಡುವೆ ಕೆಲವು ಬೆರಳುಗಳ ಅಂತರ ಉಳಿಯಬೇಕು. ಸೀಟಿನ ಎತ್ತರಕ್ಕೆ ಸುಲಭದ ಕ್ರಮವಿದೆ: ಕೂತು ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟಾಗ, ಪೆಡಲ್ ಅತಿ ಕೆಳಗಿರುವಾಗ ಕಾಲು ನೇರವಾಗಬೇಕು, ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ತಕ್ಕಷ್ಟು ಮಡಿಚಿರುತ್ತದೆ. ಉದ್ದದ ಇಳಿಜಾರಿಗೆ ಮೊದಲು ಅವಳ ಸೀಟನ್ನು ಒಂದೆರಡು ಸೆಂಟಿಮೀಟರ್ ತಗ್ಗಿಸಿದರೆ ಅವಳಿಗೆ ಧೈರ್ಯ ಬರುತ್ತದೆ. ಬೆರಳುಗಳು ಚಿಕ್ಕವಾದ್ದರಿಂದ ಬ್ರೇಕಿನ ಹಿಡಿ ಕೈಗೆ ಎಟುಕುತ್ತದೆಯೇ ಎಂದು ನೋಡಿ, ಹೆಚ್ಚಿನ ಹಿಡಿಗಳಲ್ಲಿ ಅದನ್ನು ಹತ್ತಿರಕ್ಕೆ ತರುವ ಸಣ್ಣ ತಿರುಪು ಇರುತ್ತದೆ. ಎಟುಕದ ಬ್ರೇಕಿನಲ್ಲಿ ಇಳಿಯುವ ಮಗುವಿನ ಕೈ ಹತ್ತೇ ನಿಮಿಷದಲ್ಲಿ ಸೋಲುತ್ತದೆ.

ಇಳಿಯುವ ರೀತಿಯನ್ನು ಮೂವರೂ ಚಿಕ್ಕ ಇಳಿಜಾರೊಂದರಲ್ಲಿ ಅಭ್ಯಾಸ ಮಾಡಿಯೇ ಹೊರಡಿ. ಬ್ರೇಕನ್ನು ಉದ್ದಕ್ಕೂ ಅರ್ಧಂಬರ್ಧ ಹಿಡಿದೇ ಇರುವ ಬದಲು, ತಿರುವಿಗೆ ಮೊದಲೇ ಎರಡೂ ಬ್ರೇಕುಗಳನ್ನು ಒಟ್ಟಿಗೆ ದೃಢವಾಗಿ ಹಿಡಿದು ವೇಗ ತಗ್ಗಿಸಿ, ತಿರುವನ್ನು ದಾಟಿ, ಮುಂದೆ ಕಾಣುವ ನೇರ ರಸ್ತೆಯಲ್ಲಿ ಬಿಟ್ಟುಬಿಡಿ. ಬಿಟ್ಟ ಆ ಹೊತ್ತಿನಲ್ಲಿ ಬ್ರೇಕಿಗೆ ಗಾಳಿಯಾಡಿ ಶಾಖ ಇಳಿಯುತ್ತದೆ. ತಿರುವಿನೊಳಗೆ, ಅದರಲ್ಲೂ ಜಲ್ಲಿ ಚೆಲ್ಲಿದ ತಿರುವಿನೊಳಗೆ, ಮುಂದಿನ ಬ್ರೇಕನ್ನು ಜಗ್ಗಬಾರದು. ವೇಗ ಎರಡರಷ್ಟಾದರೆ ನಿಲ್ಲಲು ಬೇಕಾಗುವ ದೂರ ನಾಲ್ಕರಷ್ಟಾಗುತ್ತದೆ. ಇಳಿಜಾರಿನಲ್ಲಿ ಅದಕ್ಕಿಂತಲೂ ಹೆಚ್ಚು ದೂರ ಬೇಕು. ಸುಟ್ಟ ವಾಸನೆ ಬಂದರೆ, ಹಿಡಿ ಮೆತ್ತಗಾದರೆ, ಇಲ್ಲವೇ ಬೆರಳು ನೋಯತೊಡಗಿದರೆ ರಸ್ತೆಯಿಂದ ಬದಿಗೆ ಸರಿದು ಹತ್ತು ನಿಮಿಷ ನಿಲ್ಲಿ. ಆಗ ಡಿಸ್ಕನ್ನು ಮುಟ್ಟಿ ನೋಡಬೇಡಿ, ಚರ್ಮ ಸುಡುತ್ತದೆ. ದೊಡ್ಡವರಲ್ಲಿ ಒಬ್ಬರು ಮುಂದೆ, ಮಗಳು ನಡುವೆ, ಇನ್ನೊಬ್ಬರು ಹಿಂದೆ ಇರಲಿ; ಮುಂದಿರುವವರು ಅವಳ ವೇಗಕ್ಕೆ ಹೊಂದಿಕೊಳ್ಳಬೇಕು, ಅವಳು ಅವರ ವೇಗಕ್ಕಲ್ಲ.

ಹೊತ್ತಿನ ಆಯ್ಕೆಯೂ ಕಣಿವೆಯಲ್ಲಿ ಬೇರೆ. ಬಿಸಿಲಿನ ದಿನಗಳಲ್ಲಿ ಬೆಟ್ಟದ ಮೈ ಕಾದು, ಮಧ್ಯಾಹ್ನದ ಹೊತ್ತಿಗೆ ಗಾಳಿ ಕಣಿವೆಯ ಕೆಳಗಿನಿಂದ ಮೇಲಕ್ಕೆ ಬೀಸುತ್ತದೆ. ರಾತ್ರಿ ಮತ್ತು ಮುಂಜಾವಿನಲ್ಲಿ ತಂಪಾದ ಗಾಳಿ ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಹರಿಯುತ್ತದೆ. ಇದನ್ನು ಬಲ್ಲವರು ಬೆಳಿಗ್ಗೆ ಕೆಳಗಿಳಿದು, ಮಧ್ಯಾಹ್ನ ಬೆನ್ನಿಗೆ ಗಾಳಿ ಹಿಡಿದು ಏರಿಬರುವುದುಂಟು. ಅಪರಿಚಿತ ಬಾಡಿಗೆ ಸೈಕಲ್ ಏರಿದ ನಿಮಗೆ ಮಾತ್ರ ನಾನು ಅದನ್ನು ಹೇಳುವುದಿಲ್ಲ. ಮೊದಲು ಮೇಲಕ್ಕೆ ಹೋಗಿ. ಚೈನ್ ತುಂಡಾದರೂ, ಬ್ಯಾಟರಿ ಮುಗಿದರೂ, ಮಗಳು ದಣಿದರೂ ಬ್ರೇಕ್ ಚೆನ್ನಾಗಿರುವವರೆಗೆ ಇಳಿಜಾರು ನಿಮ್ಮನ್ನು ಊರಿಗೆ ತಂದು ಬಿಡುತ್ತದೆ. ಎದುರುಗಾಳಿ ತಡೆಯುವುದು ಇಳಿಯುವವರನ್ನಾದ್ದರಿಂದ ಅದರಿಂದ ದೊಡ್ಡ ನಷ್ಟವಿಲ್ಲ. ಕೆಳಗೆ ಹೋಗಿ ಕೆಟ್ಟು ನಿಂತರೆ ಏರಿ ಬರಬೇಕು. ಕೆಳಗಿನ ದಾರಿ ಬಹಳ ಸುಂದರವಾಗಿದ್ದು ಅದೇ ಬೇಕೆನಿಸಿದರೆ, ಹಿಂತಿರುಗಲು ಸೈಕಲ್ ಹಾಕಿಕೊಳ್ಳುವ ಬಸ್ಸು ಅಥವಾ ರೈಲು ಇದೆಯೇ ಎಂದು ಮೊದಲೇ ಕೇಳಿ.

ಮುಂಜಾನೆ ತೀರ ಬೇಗ ಹೊರಡುವುದರಿಂದಲೂ ಪ್ರಯೋಜನವಿಲ್ಲ. ರಾತ್ರಿ ತಂಪುಗಾಳಿ ತಳದಲ್ಲಿ ಮಡುಗಟ್ಟುವುದರಿಂದ ಮಂಜು, ಒದ್ದೆ ಸೇತುವೆ, ಮರಗಟ್ಟುವ ಬೆರಳು ಇವೆಲ್ಲ ಬಿಸಿಲು ತಳಕ್ಕೆ ಇಳಿಯುವವರೆಗೂ ಇರುತ್ತವೆ. ಸಂಜೆ ಇದಕ್ಕೆ ವಿರುದ್ಧ: ಪಂಚಾಂಗದ ಸೂರ್ಯಾಸ್ತಕ್ಕಿಂತ ಎಷ್ಟೋ ಮೊದಲೇ ಸೂರ್ಯ ಬೆಟ್ಟದ ಹಿಂದೆ ಸರಿದು ಕಣಿವೆ ನೆರಳಾಗುತ್ತದೆ, ಚಳಿ ಒಮ್ಮೆಗೇ ಬೀಳುತ್ತದೆ. ಬೇಸಗೆಯ ಮಧ್ಯಾಹ್ನಗಳಲ್ಲಿ ಬೆಟ್ಟದ ಮೇಲೆ ಗುಡುಗು ಮಳೆ ಕಟ್ಟುವುದೂ ಹೆಚ್ಚು. ಬೆಳಗಿನ ಬಿಸಿಲು ಬಿದ್ದ ಮೇಲೆ ಹೊರಟು, ಏರುವ ಕೆಲಸವನ್ನು ನಡುಮಧ್ಯಾಹ್ನದೊಳಗೆ ಮುಗಿಸುವುದು ಸರಿಯಾದ ಕ್ರಮ. ಪ್ರತಿ 1000 ಮೀಟರ್ ಎತ್ತರಕ್ಕೆ ಉಷ್ಣತೆ ಸರಾಸರಿ 6.5 ಡಿಗ್ರಿ ಕಡಿಮೆಯಾಗುತ್ತದೆ, ನೇರಳಾತೀತ ಕಿರಣಗಳ ಪ್ರಖರತೆ ಸುಮಾರು ಶೇ. 10 ಹೆಚ್ಚುತ್ತದೆ. ಬೆವರಿದ ಮೈಯಲ್ಲಿ ಇಳಿಯುವಾಗ ತೊಡಲು ಗಾಳಿ ತಡೆಯುವ ಅಂಗಿ, ಬೆರಳು ಮುಚ್ಚುವ ಕೈಗವಸು ಮೂವರಿಗೂ ಇರಲಿ. ಊರೇ 2500 ಮೀಟರಿಗಿಂತ ಮೇಲಿದ್ದರೆ ಮೊದಲ ದಿನ ಸೈಕಲ್ ಬಿಟ್ಟು ಬರಿಯ ನಡಿಗೆಯಲ್ಲಿ ಕಳೆಯಿರಿ. ತಲೆನೋವು, ವಾಕರಿಕೆ ಕಂಡರೆ ಇನ್ನೂ ಮೇಲಕ್ಕೆ ಹೋಗಬಾರದು.

ನಿಮ್ಮ ಮೂರು ದಿನಗಳನ್ನು ನಾನು ಹೀಗೆ ಹಂಚುತ್ತೇನೆ. ಮೊದಲ ದಿನ ಅರ್ಧ ದಿನದ ಬಾಡಿಗೆಗೆ ಮಾತ್ರ ಸೈಕಲ್ ತೆಗೆದುಕೊಂಡು, ಊರನ್ನೂ ಹೊಳೆಯ ಪಕ್ಕದ ದಾರಿಯನ್ನೂ ನೋಡಿ. ಸಣ್ಣ ಊರಿನ ಓಣಿಗಳಿಗೆ ಸೈಕಲ್ಲಿಗಿಂತ ಹೊಂದುವ ವಾಹನವಿಲ್ಲ, ಜನ ನಡೆದಾಡುವ ಕಡೆ ಇಳಿದು ತಳ್ಳಿಕೊಂಡು ಹೋದರಾಯಿತು. ಯಾರ ಸೀಟು ನೋಯಿಸುತ್ತದೆ, ಯಾರ ಗೇರ್ ಜಾರುತ್ತದೆ ಎಂಬುದು ಅಷ್ಟರಲ್ಲೇ ತಿಳಿಯುತ್ತದೆ, ಮರುದಿನಕ್ಕೆ ಬದಲಾಯಿಸಿಕೊಳ್ಳಬಹುದು. ಎರಡನೆಯ ದಿನ ಕಣಿವೆಯ ಮೇಲ್ತುದಿಯ ಕಡೆಗೆ ಹೋಗಿ. ಮೂರನೆಯ ದಿನ ಪಕ್ಕದ ಕಣಿವೆಯ ಏರನ್ನು ಹಿಡಿಯುವುದೋ, ಮೊದಲ ದಿನದ ಹೊಳೆಯ ದಾರಿಯಲ್ಲೇ ಇನ್ನಷ್ಟು ದೂರ ಹೋಗುವುದೋ ಎಂಬುದನ್ನು ಎರಡನೆಯ ದಿನದ ಸಂಜೆ ಮಗಳನ್ನೇ ಕೇಳಿ ತೀರ್ಮಾನಿಸಿ. ಕಿರಿದಾದ ರಸ್ತೆಯಲ್ಲಿ ಏರಿ ಬರುವವರಿಗೆ ದಾರಿ ಬಿಡಿ, ಏಕೆಂದರೆ ಏರಿನಲ್ಲಿ ನಿಂತವರಿಗೆ ಮತ್ತೆ ಹೊರಡುವುದು ಕಷ್ಟ. ಫೋಟೋ ತೆಗೆಯಲು ತಿರುವಿನಲ್ಲಿ ನಿಲ್ಲಬೇಡಿ.

ಇನ್ನು ಬಾಡಿಗೆಯ ಕರಾರು. ಹೆಲ್ಮೆಟ್, ಬೀಗ, ಮುಂದೆ ಬಿಳಿ ಹಿಂದೆ ಕೆಂಪು ದೀಪ, ಪಂಪು, ಆ ಚಕ್ರಕ್ಕೆ ಹೊಂದುವ ಒಂದು ಟ್ಯೂಬು, ಟೈರ್ ಬಿಚ್ಚುವ ಪಟ್ಟಿ ಇವು ಬಾಡಿಗೆಯಲ್ಲೇ ಸೇರಿವೆಯೇ ಎಂದು ಕೇಳಿ. ದಾರಿಯಲ್ಲಿ ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು, ಅವರು ಎಷ್ಟು ದೂರದವರೆಗೆ ಬಂದು ಒಯ್ಯುತ್ತಾರೆ, ಪಂಕ್ಚರ್ ಮತ್ತು ಸವೆತದ ಖರ್ಚು ಯಾರದು, ಕಳ್ಳತನವಾದರೆ ಹೊಣೆ ಎಷ್ಟು, ಡಾಂಬರಿಲ್ಲದ ದಾರಿಗೆ ಒಯ್ಯಲು ಅನುಮತಿ ಇದೆಯೇ ಎಂಬುದನ್ನು ಬರಹದಲ್ಲಿ ಓದಿಯೇ ಸಹಿ ಮಾಡಿ. ನಿಮ್ಮ ಪ್ರಯಾಣ ವಿಮೆ ಬೆಟ್ಟದ ಸೈಕಲ್ ಸವಾರಿಯಲ್ಲಿ ಆಗುವ ಗಾಯಕ್ಕೆ ಅನ್ವಯಿಸುತ್ತದೆಯೇ ಎಂದು ಮನೆಯಿಂದ ಹೊರಡುವ ಮೊದಲೇ ವಿಮೆಯವರಿಂದ ತಿಳಿದುಕೊಳ್ಳಿ. ಮೂಲ ಪಾಸ್‌ಪೋರ್ಟನ್ನು ಅಡವಾಗಿ ಬಿಡಬೇಡಿ. ಠೇವಣಿ ಹಣ ಅಥವಾ ಪಾಸ್‌ಪೋರ್ಟಿನ ನಕಲನ್ನು ಒಪ್ಪುವ ಅಂಗಡಿಯನ್ನು ಹುಡುಕಿ. ಅಂಗಡಿಯವರ ಎದುರಿಗೇ ಸೈಕಲ್ಲಿನ ಎರಡೂ ಬದಿ, ಡಿರೇಲರ್, ಚಕ್ರಗಳು, ಹಳೆಯ ಗೀರುಗಳು ಇವುಗಳ ಫೋಟೋ ತೆಗೆದುಕೊಳ್ಳಿ, ಹಿಂತಿರುಗಿಸುವಾಗಲೂ ತೆಗೆಯಿರಿ. ಠೇವಣಿಯ ತಕರಾರುಗಳಲ್ಲಿ ಹೆಚ್ಚಿನವು ಅಲ್ಲಿಗೇ ಮುಗಿಯುತ್ತವೆ. ಮುಚ್ಚುವ ವೇಳೆಗೆ ಓಡೋಡಿ ಬಂದು ಬೀಗದ ಕೈ ಕೊಟ್ಟು ಹೋಗುವ ಬದಲು ಅರ್ಧ ಗಂಟೆ ಮೊದಲೇ ಬನ್ನಿ. ಯಾವ ಗೇರ್ ಜಾರಿತು, ಎಂಥ ಇಳಿಜಾರಿನಲ್ಲಿ ಬ್ರೇಕು ಮೆತ್ತಗಾಯಿತು ಎಂಬುದನ್ನು ಅಂಗಡಿಯವರಿಗೆ ವಿವರವಾಗಿ ಹೇಳಿ. ಅಂಗಡಿಯ ಮುಂದಿನ ಸಮತಟ್ಟಾದ ನೆಲದಲ್ಲಿ ಓಡಿಸಿ ನೋಡಿದರೆ ಅಂಥ ದೋಷ ಅವರ ಗಮನಕ್ಕೆ ಬರುವುದಿಲ್ಲ, ಮರುದಿನ ಬೆಳಿಗ್ಗೆ ಅದೇ ಸೈಕಲ್ ಬೇರೊಬ್ಬರ ಕೈಗೆ ಹೋಗಿರುತ್ತದೆ.